ಬಸ್ಸು ಒಳಗೆ ಬರುವ ಕಟ್ಟಡ

ಯಶ್ಮಿತಾಳ ಹೆಸರು ಅವಳು ಹುಟ್ಟಿದ ವರ್ಷದಿಂದಲೇ ಕಾರ್ಕಳ–ಉಡುಪಿ ರಸ್ತೆಯಲ್ಲಿ ಓಡಾಡುತ್ತಿತ್ತು. ಆ ವರ್ಷ ಅಪ್ಪ ತಾರಾನಾಥರು ತಮ್ಮ ಮೊದಲ ಬಸ್ಸು ಕೊಂಡು ಅದರ ಹಣೆಯ ಮೇಲೆ ಮಗಳ ಹೆಸರು ಬರೆಸಿದ್ದರು. ಒಂದಿದ್ದ ಬಸ್ಸು ನಾಲ್ಕಾಯಿತು, ಹಳೆಯವು ಹೋಗಿ ಹೊಸವು ಬಂದವು, ಹೆಸರು ಮಾತ್ರ ಬದಲಾಗಲಿಲ್ಲ. ಹಿರಿಯಡ್ಕದಲ್ಲೋ ಬೈಲೂರಿನಲ್ಲೋ ಯಾರಾದರೂ “ಯಶ್ಮಿತಾ ಹೋಯ್ತಾ?” ಎಂದು ಕೇಳಿದರೆ ತಿರುಗಿ ನೋಡುವ ಅಭ್ಯಾಸವನ್ನು ಅವಳು ಶಾಲೆಯ ದಿನಗಳಲ್ಲೇ ಬಿಟ್ಟಿದ್ದಳು.

ಆರ್ಕಿಟೆಕ್ಚರ್ ಓದಿದ ಮೇಲೆ ಮಣಿಪಾಲದಲ್ಲಿ ವಿಜಯೀಂದ್ರ ಉಪಾಧ್ಯರ ಕಚೇರಿ ಸೇರಿದಳು. ಬೆಳಿಗ್ಗೆ ಕಾರ್ಕಳದ ಮನೆಯಿಂದ ಅಪ್ಪನ ಬಸ್ಸಿನಲ್ಲಿ ಹೋಗುವುದು, ಸಂಜೆ ಯಾವುದು ಸಿಕ್ಕಿತೋ ಅದರಲ್ಲಿ ಮರಳುವುದು. ಕೆಲವು ಮನೆಗಳು, ಒಂದು ಶಾಲೆ, ಶಿರ್ವದ ಒಂದು ಮದುವೆ ಹಾಲ್, ಹೀಗೆ ಕೆಲಸ ನಡೆದಿತ್ತು. ಪರ್ಕಳದ ಕೆಲಸ ಬಂದಾಗ ವಿಜಯೀಂದ್ರರು ಹೆಚ್ಚು ಯೋಚಿಸಲಿಲ್ಲ. “ಬಸ್ಸಿನ ಮನೆಯ ಹುಡುಗಿ ನೀನು. ಇದು ನಿನ್ನದೇ,” ಎಂದು ಕಡತವನ್ನು ಅವಳ ಮೇಜಿನ ಮೇಲಿಟ್ಟರು.

ಪರ್ಕಳದ ಒಂದು ಕಡೆ ಹೆದ್ದಾರಿ ಬಿಲ್ಲಿನಂತೆ ಬಾಗುತ್ತದೆ. ಆ ಬಾಗಿನ ಒಳಬದಿಯಲ್ಲಿ, ಉಡುಪಿಗೆ ಹೋಗುವವರ ಎಡಗಡೆಗೆ, ಹಳೆಯ ಹಂಚಿನ ಕಾರ್ಖಾನೆಯ ಜಾಗವಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಹಿಂಬದಿಯ ಕಲ್ಲಿನ ಗೋಡೆ ಒಂದು ಮಾತ್ರ ನಿಂತಿತ್ತು. ಊರಿನ ಸಹಕಾರಿ ಸಂಘ ಆ ಜಾಗ ಕೊಂಡು ಅಲ್ಲೊಂದು ಪಾರ್ಕಿಂಗ್ ಕಟ್ಟಡ ಎಬ್ಬಿಸಲು ಹೊರಟಿತ್ತು. ಹಿರಿಯಡ್ಕ, ಆತ್ರಾಡಿ ಕಡೆಯಿಂದ ಬೈಕಿನಲ್ಲೋ ಕಾರಿನಲ್ಲೋ ಹೊರಟವರು ಮಣಿಪಾಲದ ಆಸ್ಪತ್ರೆ, ಕಾಲೇಜುಗಳ ಎದುರು, ಉಡುಪಿಯ ಬೀದಿಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿ ಸುಸ್ತಾಗುತ್ತಿದ್ದರು. ಅವರೆಲ್ಲ ಪರ್ಕಳದಲ್ಲೇ ಗಾಡಿ ಬಿಟ್ಟು ಬಸ್ಸು ಹತ್ತುವಂತಾದರೆ ಎಲ್ಲರಿಗೂ ಒಳ್ಳೆಯದು ಎಂಬುದು ಸಂಘದ ಲೆಕ್ಕಾಚಾರ. ಕೆಳಗೆ ಬಸ್ಸು, ರಿಕ್ಷಾ, ಸೈಕಲ್ಲು. ಮೇಲೆ ಎರಡು ಮಹಡಿ ಬೈಕಿಗೆ, ಎರಡು ಮಹಡಿ ಕಾರಿಗೆ. ಸಂಜೆ ಕಾರ್ಕಳದ ಕಡೆ ಮರಳುವ ಬಸ್ಸುಗಳು ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತವೆ, ಅಲ್ಲಿಂದ ಮೊದಲ ಮಹಡಿಗೆ ಒಂದು ಕಾಲುಸೇತುವೆ.

ಇಲ್ಲಿಯ ಮಳೆಯಲ್ಲಿ ಮೂರ್ನಾಲ್ಕು ತಿಂಗಳು ಕಾಂಕ್ರೀಟು ಹಾಕುವ ಹಾಗಿಲ್ಲ. ಹೆದ್ದಾರಿ ಬದಿಯಲ್ಲಿ ಜಲ್ಲಿ, ಮರಳು ರಾಶಿ ಹಾಕಲೂ ಜಾಗವಿಲ್ಲ. ಹಾಗಾಗಿ ಕಂಬ, ತೊಲೆ, ನೆಲ ಎಲ್ಲವನ್ನೂ ಬೇರೆ ಕಡೆ ಎರಕ ಹೊಯ್ದು ತಂದು ಜೋಡಿಸುವುದೆಂದು ತೀರ್ಮಾನವಾಯಿತು. ಅದಕ್ಕೆ ಕಾಪುವಿನ ಹತ್ತಿರ ಒಂದು ಪ್ರಿಕಾಸ್ಟ್ ಯಾರ್ಡ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಹಿರಿಯಡ್ಕದ ಜೆಫ್ರಿ. ಹದಿನೈದು ವರ್ಷ ಅಬುಧಾಬಿಯಲ್ಲಿ ಇದೇ ಕೆಲಸ ಮಾಡಿ, ಮಕ್ಕಳು ಊರಿನಲ್ಲೇ ಓದಲಿ ಎಂದು ಮರಳಿ ಬಂದವನು. ನೆಲಕ್ಕೆ ಅವನು ಸೂಚಿಸಿದ್ದು ಡಬಲ್ ಟೀ. ಇಂಗ್ಲಿಷಿನ ಟಿ ಅಕ್ಷರ ಎರಡನ್ನು ಪಕ್ಕಪಕ್ಕ ನಿಲ್ಲಿಸಿದ ಹಾಗೆ, ಮೇಲೆ ಅಗಲದ ಹಲಗೆ, ಕೆಳಗೆ ಉದ್ದಕ್ಕೂ ಎರಡು ಕಾಲು. ನಡುವೆ ಕಂಬವಿಲ್ಲದೆ ದೂರದವರೆಗೆ ಚಾಚುತ್ತದೆ. ಅದರಡಿ ಬಸ್ಸು ಆರಾಮವಾಗಿ ನಿಲ್ಲಬಹುದು.

ಯಶ್ಮಿತಾ ನಕ್ಷೆ ಮಾಡಿದಳು. ವಿಜಯೀಂದ್ರರು ಮೆಚ್ಚಿದರು, ಸಂಘದವರು ಒಪ್ಪಿದರು. ಇನ್ನು ಉಳಿದದ್ದು ಬಸ್ಸಿನವರು.

ಸಂಘದ ಸಭಾಭವನದಲ್ಲಿ ಆ ದಾರಿಯ ಬಸ್ ಮಾಲಕರ ಸಭೆ ಕರೆದರು. ಯಶ್ಮಿತಾ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ವಿವರಿಸಿದಳು. ಮುಂದಿನ ಸಾಲಿನಲ್ಲಿ ಬಿಳಿ ಶರ್ಟು ಹಾಕಿ ಕುಳಿತಿದ್ದ ತಾರಾನಾಥರು ಕೊನೆಯವರೆಗೂ ಕದಲದೆ ಕೇಳಿದರು. ಅಭಿಪ್ರಾಯ ಕೇಳಿದಾಗ ಉಳಿದ ಮಾಲಕರೆಲ್ಲ ಅವರ ಕಡೆ ನೋಡಿದರು. ಆ ದಾರಿಯಲ್ಲಿ ಅವರೇ ಹಿರಿಯರು.

ತಾರಾನಾಥರು ಎದ್ದು ನಿಂತರು. “ಮೇಡಂ ಅವರ ನಕ್ಷೆ ಚಂದ ಉಂಟು,” ಎಂದರು. “ಆದರೆ ಬಸ್ಸು ಒಳಗೆ ಬರುವುದಿಲ್ಲ.”

ಸಂಘದ ಅಧ್ಯಕ್ಷರು ಕಾರಣ ಕೇಳಿದರು.

“ನಮ್ಮದು ಟೈಮಿಂಗ್‌ನ ವ್ಯವಹಾರ. ಈ ನಕ್ಷೆಯಲ್ಲಿ ಬಸ್ಸು ರಸ್ತೆ ಬಿಟ್ಟು ಎಡಕ್ಕೆ ತಿರುಗಿ ಒಳಗೆ ಹೋಗಬೇಕು, ಅಲ್ಲಿ ಬಲಕ್ಕೆ, ಪುನಃ ಬಲಕ್ಕೆ. ಹೊರಗೆ ಬಂದ ಮೇಲೆ ರಸ್ತೆಗೆ ಇಳಿಯಲಿಕ್ಕೆ ಕಾಯಬೇಕು. ಅಷ್ಟರಲ್ಲಿ ಹಿಂದಿನವನು ರಸ್ತೆಯಲ್ಲೇ ಸೀದಾ ಹೋಗಿ ಮುಂದಿನ ಸ್ಟಾಪಿನ ಜನವನ್ನೆಲ್ಲ ಹತ್ತಿಸಿಕೊಂಡಿರ್ತಾನೆ. ಒಳಗೆ ಬಂದವನಿಗೆ ನಷ್ಟ, ಬಾರದವನಿಗೆ ಲಾಭ. ಹಾಗಿದ್ದ ಮೇಲೆ ಯಾರು ಬರ್ತಾರೆ ಹೇಳಿ.”

ಉಳಿದ ಮಾಲಕರು ತಲೆಯಾಡಿಸಿದರು. ಯಶ್ಮಿತಾ ಪರದೆಯ ಚಿತ್ರ ಆರಿಸಿದಳು. ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ‘ಮೇಡಂ’ ಎಂಬ ಮಾತು ಅವಳನ್ನು ಚುಚ್ಚಿತ್ತು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅವಳು ಕೇಳಿಯೇಬಿಟ್ಟಳು. “ಪಪ್ಪ, ನನ್ನನ್ನು ಮೇಡಂ ಅಂತ ಕರೆದದ್ದು ಎಂತಕ್ಕೆ?”

ತಾರಾನಾಥರು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಿದ್ದರು. “ಮತ್ತೆ ಎಂತ ಕರೆಯುವುದು? ಅಲ್ಲಿ ಮಗಳೇ ಅಂತ ಕರೆದು ಬೇಡ ಅಂದಿದ್ದರೆ ಅದು ಮನೆಜಗಳ ಆಗ್ತಿತ್ತು. ಮಗಳೇ ಅಂತ ಕರೆದು ಹೌದು ಅಂದಿದ್ದರೆ ಉಳಿದವರು ನನ್ನ ಮಾತು ನಂಬುತ್ತಿರಲಿಲ್ಲ.”

“ನಕ್ಷೆ ಚಂದ ಉಂಟು ಅಂದದ್ದು?”

“ಅದು ನಿಜವೇ.”

ಅಮ್ಮ ಇಬ್ಬರ ತಟ್ಟೆಗೂ ಸಾರು ಬಡಿಸಿ, “ಬಸ್ಸು, ಕಟ್ಟಡ ಎರಡೂ ನಾಳೆಗೆ ಇರಲಿ,” ಎಂದರು. ಅಲ್ಲಿಗೆ ಮಾತು ನಿಂತಿತು. ಯಶ್ಮಿತಾಳಿಗೆ ಮನಸ್ಸು ಸ್ವಲ್ಪ ಹಗುರವಾಯಿತು. ಆದರೆ ಬಸ್ಸು ಒಳಗೆ ಬರುವುದಿಲ್ಲ ಎಂಬುದು ಹಾಗೆಯೇ ಉಳಿಯಿತು.

ಮರುದಿನ ಕಚೇರಿಗೆ ಸಂಘದ ಅಧ್ಯಕ್ಷರ ಫೋನು ಬಂತು. ಬಸ್ಸಿನವರು ಒಪ್ಪದಿದ್ದರೆ ಕೆಳಗಿನ ಮಹಡಿಯಲ್ಲಿ ಅಂಗಡಿ ಕೋಣೆ ಮಾಡಿ ಬಾಡಿಗೆಗೆ ಕೊಡೋಣ ಎಂದು ಕೆಲವು ಸದಸ್ಯರು ಹೇಳುತ್ತಿದ್ದಾರಂತೆ. ವಿಜಯೀಂದ್ರರು ಫೋನಿಟ್ಟು, “ಹಾಗಾದರೆ ಅದು ಬರೀ ಕಾರು ಇಡುವ ಪೆಟ್ಟಿಗೆ,” ಎಂದರು. “ಕಾರು ಇಟ್ಟವ ಮಳೆಯಲ್ಲಿ ರಸ್ತೆಬದಿ ನಿಂತು ಬಸ್ಸು ಕಾಯಬೇಕಾದರೆ ಅವನು ಕಾರಿನಲ್ಲೇ ಮಣಿಪಾಲಕ್ಕೆ ಹೋಗ್ತಾನೆ. ಯೋಚನೆ ಮಾಡು ಯಶ್ಮಿತಾ. ಮುಂದಿನ ಸಭೆಯವರೆಗೆ ಸಮಯ ಉಂಟು.”

ಅದೇ ಮಧ್ಯಾಹ್ನ ಕಾಪುವಿನಿಂದ ಜೆಫ್ರಿ ಬಂದ. ಅವನಿಗೆ ಬೇರೆಯೇ ತಲೆನೋವು. ಕಟ್ಟಡದ ಮೂರು ಬದಿ ನೇರವಾಗಿದ್ದವು. ರಸ್ತೆಯ ಬದಿ ಮಾತ್ರ ಓರೆಯಾಗಿತ್ತು. ಹಾಗಾಗಿ ಅಲ್ಲಿಗೆ ಬರುವ ಪ್ರತಿಯೊಂದು ಡಬಲ್ ಟೀ ಬೇರೆ ಬೇರೆ ಉದ್ದ, ಪ್ರತಿಯೊಂದರ ತುದಿಯೂ ಓರೆ.

“ಇದು ಒಂದೊಂದನ್ನೂ ಅಳತೆ ತೆಗೆದು ಹೊಲಿಯುವ ಕೆಲಸ ಆಯ್ತು ಮೇಡಂ,” ಎಂದ ಜೆಫ್ರಿ. “ಪ್ರಿಕಾಸ್ಟಿನ ಸುಖವೇ ಒಂದೇ ಅಚ್ಚಿನಿಂದ ನೂರು ತೆಗೆಯುವುದು. ಇಲ್ಲಿ ನೂರು ಅಚ್ಚು ಬೇಕು.”

“ಜಾಗವೇ ಹಾಗೆ ಉಂಟಲ್ಲ ಜೆಫ್ರಿ. ಎಂತ ಮಾಡುವುದು?”

ಅವಳಿಗೆ ಹೊಳೆದದ್ದು ಒಂದೇ. ಕಾಗದದ ಮೇಲೆ ಬಸ್ಸು ತಿರುಗಿಸಿ ನೋಡಿ ಸಾಕಾಗಿತ್ತು; ನಿಜವಾದ ಬಸ್ಸನ್ನೇ ಆ ಜಾಗಕ್ಕೆ ತಂದು ಓಡಿಸಿ ನೋಡುವುದು. ಎಲ್ಲಿ ಎಷ್ಟು ತಡವಾಗುತ್ತದೆ ಎಂದು ಗೊತ್ತಾದರೆ ಎಲ್ಲಿ ತಿದ್ದಬೇಕೆಂದೂ ಗೊತ್ತಾಗುತ್ತದೆ. ಮನೆಗೆ ಹೋಗಿ ಅಪ್ಪನನ್ನು ಕೇಳಿದಳು. “ಭಾನುವಾರ ಒಂದು ಬಸ್ಸು ಕೊಡ್ತೀರಾ ಪಪ್ಪ?”

“ಭಾನುವಾರ ಒಂದು ನಿಂತಿರ್ತದೆ. ಭೋಜನ ಹತ್ತಿರ ಹೇಳು, ತರ್ತಾನೆ,” ಎಂದರು ತಾರಾನಾಥರು. “ನಾನು ಬರುವುದಿಲ್ಲ.”

ಭೋಜ ಅವರ ಹಳೆಯ ಡ್ರೈವರು. ಯಶ್ಮಿತಾ ಚಿಕ್ಕವಳಿದ್ದಾಗ ಎಂಜಿನ್ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಉಡುಪಿ ತೋರಿಸಿ ತಂದವನು.

ಭಾನುವಾರ ಬೆಳಿಗ್ಗೆ ಜೆಫ್ರಿ ತನ್ನ ಯಾರ್ಡಿನ ಐದಾರು ಮಂದಿಯನ್ನು ಜೀಪಿನಲ್ಲಿ ಕರೆತಂದ. ಹಗ್ಗ ಹಿಡಿದು, ಸುಣ್ಣದ ಪುಡಿ ಉದುರಿಸಿ, ಕಟ್ಟಡದ ಇಡೀ ಕೆಳಮಹಡಿಯನ್ನು ನೆಲದ ಮೇಲೆ ಬರೆದರು. ಕಂಬ ಬರುವಲ್ಲೆಲ್ಲ ಸಂಘದ ಸಭಾಭವನದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಇಟ್ಟರು. ಕೆಂಪು ಮಣ್ಣಿನ ಮೇಲೆ ಬಿಳಿ ಗೆರೆಗಳು, ಯಾರೂ ಕೂರದ ಕುರ್ಚಿಗಳ ಸಾಲು. ದಾರಿಯಲ್ಲಿ ಹೋಗುವವರು ಸ್ಕೂಟರು ನಿಲ್ಲಿಸಿ, ಇದು ಯಾವ ಕಾರ್ಯಕ್ರಮ ಎಂದು ಕೇಳಿದರು.

ಭೋಜ ಬಸ್ಸು ತಂದ. ಮೊದಲ ಸಲ ಒಳಗೆ ತಿರುಗಿಸಿದಾಗ ಬಸ್ಸಿನ ಹಿಂಭಾಗ ಬೀಸಿ ಎರಡು ಕುರ್ಚಿ ಉರುಳಿದವು. ಎರಡನೆಯ ಸಲ ಮೆಲ್ಲಗೆ ತಂದ. ಒಂದೇ ಕುರ್ಚಿ ಉರುಳಿತು, ಆದರೆ ಒಳಗಿನ ತಿರುವಿನಲ್ಲಿ ಒಮ್ಮೆ ಹಿಂದೆ ತೆಗೆದು ಮತ್ತೆ ಮುಂದೆ ತರಬೇಕಾಯಿತು. ಹೊರಗೆ ರಸ್ತೆಗೆ ಇಳಿಯುವಲ್ಲಿ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಭೋಜ ಕಾದ.

ಬಿದ್ದ ಕುರ್ಚಿಯನ್ನು ಎತ್ತಲು ಯಶ್ಮಿತಾ ಹೋದಾಗ, ಅದನ್ನು ಆಗಲೇ ಯಾರೋ ಎತ್ತಿ ಸುಣ್ಣದ ಗುರುತಿನ ಮೇಲೆ ಸರಿಯಾಗಿ ಇಡುತ್ತಿದ್ದರು. ನೋಡಿದರೆ ಅಪ್ಪ. ಬರುವುದಿಲ್ಲ ಎಂದವರು ಬೇರೆ ಬಸ್ಸು ಹಿಡಿದು ಬಂದು ಇಳಿದಿದ್ದರು. “ಅಮ್ಮ ನೀರುದೋಸೆ ಕಳಿಸಿದ್ದಾಳೆ, ಎಲ್ಲರಿಗೂ ಉಂಟು,” ಎಂದು ಕೈಚೀಲ ತೋರಿಸಿದರು.

ಮೂರನೆಯ ಸಲ ಯಶ್ಮಿತಾ ತಾನೂ ಬಸ್ಸು ಹತ್ತಿ ಭೋಜನ ಪಕ್ಕ ನಿಂತಳು. “ಮೆಲ್ಲಗೆ ಹೋಗಿ ಭೋಜಣ್ಣ. ನಾನು ನೋಡಬೇಕು.”

“ಇನ್ನು ಎಷ್ಟು ಮೆಲ್ಲಗೆ ಮಗಾ? ನಡೆದುಕೊಂಡು ಹೋಗುವವರೇ ಮುಂದೆ ಹೋಗ್ತಿದ್ದಾರೆ.”

ಬಸ್ಸು ರಸ್ತೆ ಬಿಟ್ಟು ಜಾಗದ ಒಳಕ್ಕೆ ಮೂತಿ ಹಾಕಿತು. ಇನ್ನೂ ತಿರುಗಿರಲಿಲ್ಲ. ಆ ಎತ್ತರದಿಂದ, ದೊಡ್ಡ ಗಾಜಿನಾಚೆ ಅವಳಿಗೆ ಇಡೀ ಜಾಗ ಒಮ್ಮೆಗೇ ಕಾಣಿಸಿತು. ಎಡಕ್ಕೆ ಹಿಂದಿನ ಕಲ್ಲಿನ ಗೋಡೆ, ಅದಕ್ಕೆ ಸರಿಸಮನಾಗಿ ತಾನು ಇರಿಸಿದ್ದ ಕುರ್ಚಿ ಸಾಲು. ಮುಂದೆ, ಕುರ್ಚಿಗಳನ್ನೆಲ್ಲ ದಾಟಿ, ಜಾಗದ ಆಚೆ ತುದಿಯಲ್ಲಿ ಒಂದು ರಿಕ್ಷಾ ಹೋಗುತ್ತಿತ್ತು. ಅದು ಅದೇ ಹೆದ್ದಾರಿ. ಬಲಗಡೆಯಿಂದ ಸುತ್ತಿ ಬಂದು ಅಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಬಸ್ಸಿನ ಮೂತಿ ಸೀದಾ ಅದರ ಕಡೆಗೇ ಇತ್ತು.

“ನಿಲ್ಲಿಸಿ ಭೋಜಣ್ಣ.”

ಬಸ್ಸು ನಿಂತಿತು. ಅವಳು ಇಳಿದು ಜೆಫ್ರಿಯ ಹತ್ತಿರ ಓಡಿದಳು. “ಜೆಫ್ರಿ, ರಸ್ತೆ ಬಿಲ್ಲಿನ ಹಾಗೆ ಬಾಗಿದೆ ಅಲ್ವಾ? ಬಸ್ಸು ಆ ಬಿಲ್ಲಿನ ಹುರಿಯ ಮೇಲೆ ಹೋದರೆ? ಇಲ್ಲಿ ಒಳಗೆ, ಅಲ್ಲಿ ಹೊರಗೆ. ತಿರುಗಲಿಕ್ಕೇ ಇಲ್ಲ.”

“ನಡುವಿನಲ್ಲಿ ನಿಮ್ಮ ಕಟ್ಟಡ ಉಂಟಲ್ಲ.”

“ಕಟ್ಟಡವನ್ನೇ ತಿರುಗಿಸುವ. ನಾನು ಅದನ್ನು ಹಿಂದಿನ ಗೋಡೆಗೆ ಸರಿಯಾಗಿ ಇಟ್ಟಿದ್ದೇನೆ. ಆ ಗೋಡೆ ಕಾರ್ಖಾನೆಯದ್ದು. ಕಾರ್ಖಾನೆಯೇ ಈಗ ಇಲ್ಲ. ಈ ಹುರಿಗೆ ಸರಿಯಾಗಿ ಇಟ್ಟರೆ ಆಯ್ತು.”

ಜೆಫ್ರಿ ತುಂಬಾ ಹೊತ್ತು ನೆಲ ನೋಡಿದ. ಬೂಟಿನ ತುದಿಯಿಂದ ಮಣ್ಣಿನಲ್ಲಿ ಒಂದು ಉದ್ದದ ಚೌಕ ಗೀಚಿದ, ಅದಕ್ಕೆ ಅಡ್ಡ ಗೆರೆಗಳನ್ನು ಎಳೆದ. “ಹಾಗಾದರೆ ರಸ್ತೆಯ ಬದಿ ಓರೆ ಬರುವುದಿಲ್ಲ,” ಎಂದ ನಿಧಾನಕ್ಕೆ. “ಎಲ್ಲ ಟೀಗಳೂ ಒಂದೇ ಉದ್ದ. ತುದಿ ನೇರ. ಒಂದೇ ಅಚ್ಚು.” ಆಮೇಲೆ ತನ್ನ ಮಂದಿಯ ಕಡೆ ತಿರುಗಿ, “ಸುಣ್ಣ ಎಷ್ಟು ಉಳಿದಿದೆ ನೋಡಿ,” ಎಂದು ಕೂಗಿದ.

ಹಳೆಯ ಗೆರೆಗಳನ್ನು ಕಾಲಿನಿಂದ ಒರೆಸಿ ಹೊಸ ಗೆರೆ ಹಾಕಿದರು. ನೀರುದೋಸೆ ಖಾಲಿಯಾಯಿತು. ಕುರ್ಚಿಗಳು ಹೊಸ ಜಾಗಕ್ಕೆ ಬಂದವು: ಎರಡು ಉದ್ದ ಸಾಲು, ನಡುವೆ ಎರಡು ಬಸ್ಸು ಪಕ್ಕಪಕ್ಕ ಹೋಗುವಷ್ಟು ದಾರಿ, ದಾರಿಯ ಬದಿಗೆ ಪ್ಲಾಟ್‌ಫಾರ್ಮಿನ ಗೆರೆ.

ಭೋಜ ಬಸ್ಸನ್ನು ಹಿಂದಕ್ಕೆ ಒಯ್ದು ಹೆದ್ದಾರಿಯಲ್ಲಿ ನಿಲ್ಲಿಸಿದಾಗ ತಾರಾನಾಥರು ಹೋಗಿ ಹತ್ತಿದರು. ಮುಂದಿನ ಸೀಟಿನಲ್ಲಿ ಕುಳಿತು ಕಂಬಿ ಹಿಡಿದುಕೊಂಡರು. ಯಶ್ಮಿತಾ ಕೆಳಗೇ, ಪ್ಲಾಟ್‌ಫಾರ್ಮಿನ ಗೆರೆಯ ಮೇಲೆ ನಿಂತಳು. ಹತ್ತುವ ಪ್ರಯಾಣಿಕರಾಗಿ ಯಾರ್ಡಿನ ಮಂದಿ ಅವಳ ಪಕ್ಕ ನಿಂತರು.

ಅಷ್ಟರಲ್ಲಿ ಹಿರಿಯಡ್ಕದ ಕಡೆಯಿಂದ ಇನ್ನೊಬ್ಬ ಮಾಲಕರ ಬಸ್ಸು ಬಂತು. ಭಾನುವಾರದ ಮಾಮೂಲಿ ಟ್ರಿಪ್ಪು. ಅದು ತನ್ನ ಪಾಡಿಗೆ ಬಾಗಿನ ಸುತ್ತ ಹೋಗಿ ರಸ್ತೆಬದಿಯ ಸ್ಟಾಪಿನಲ್ಲಿ ನಿಂತಿತು. ಅದರ ಹಿಂದೆಯೇ ಬಂದ ಭೋಜ ರಸ್ತೆ ಬಿಟ್ಟು ಸೀದಾ ಒಳಗೆ ನುಗ್ಗಿದ. ಸ್ಟೇರಿಂಗು ಹೆಚ್ಚುಕಡಿಮೆ ತಿರುಗಲೇ ಇಲ್ಲ. ಗೆರೆಯ ಪಕ್ಕ ಬಂದು ನಿಂತ. ಯಾರ್ಡಿನ ಮಂದಿ ಹತ್ತಿದರು. ಅವರಲ್ಲೇ ಒಬ್ಬ ಬಾಗಿಲಿನಲ್ಲಿ ನೇತಾಡಿ “ರೈಟ್, ಪೋಯಿ,” ಎಂದು ಹೊರಡಲು ಹೇಳಿದ. ಬಸ್ಸು ಎರಡು ಕುರ್ಚಿ ಸಾಲುಗಳ ನಡುವೆ ಓಡಿ ಆಚೆ ತುದಿಯಲ್ಲಿ ರಸ್ತೆಗೆ ಸೇರಿತು. ಒಂದು ಕುರ್ಚಿಯೂ ಅಲುಗಲಿಲ್ಲ. ಆ ಇನ್ನೊಂದು ಬಸ್ಸು ಬಾಗನ್ನು ಸುತ್ತಿ ಬಂದಾಗ ಭೋಜನ ಬಸ್ಸು ಅದರ ಮುಂದಿತ್ತು. ಭೋಜ ಸುಮ್ಮನಿರಲಾರದೆ ಒಂದು ಹಾರ್ನು ಹೊಡೆದ.

ಮರಳಿ ಬಂದು ಬಸ್ಸು ನಿಂತ ಮೇಲೂ ತಾರಾನಾಥರು ಇಳಿಯಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತ, “ಇನ್ನೊಮ್ಮೆ,” ಎಂದರು. ಇನ್ನೊಮ್ಮೆ ಆಯಿತು. ಆಮೇಲೆ ಇಳಿದು ಬಂದು ಮಗಳ ಎದುರು ನಿಂತರು. ಪ್ಯಾಂಟಿನ ಅಂಚಿಗೆ ಸುಣ್ಣ ಮೆತ್ತಿತ್ತು.

“ಬರಬಹುದು,” ಎಂದರು. “ಸಭೆಯಲ್ಲಿ ನಾನೇ ಹೇಳ್ತೇನೆ. ನನ್ನ ನಾಲ್ಕು ಬಸ್ಸು ಮೊದಲು ಬರಲಿ. ಒಳಗೆ ನೆರಳಿನಲ್ಲಿ ಜನ ನಿಂತಿರುವುದು ಕಂಡರೆ ಉಳಿದವರನ್ನು ಕರೆಯಬೇಕೂಂತ ಇಲ್ಲ.”

ಯಶ್ಮಿತಾಳಿಗೆ ನಗು ಬಂತು, ನಕ್ಕಳು.

“ಒಂದು ವಿಷಯ ಉಂಟು,” ಎಂದರು ತಾರಾನಾಥರು. “ಡ್ರೈವರು, ಕಂಡಕ್ಟರಿಗೆ ಒಂದು ಶೌಚಾಲಯ ಬೇಕು. ಪ್ಯಾಸೆಂಜರಿನದ್ದು ಬೇರೆ ಇರಲಿ, ಅಲ್ಲಿ ಸಾಲು ಇರ್ತದೆ. ಇವರಿಗೆ ಸಾಲಿನಲ್ಲಿ ನಿಲ್ಲಲಿಕ್ಕೆ ಸಮಯ ಇರುವುದಿಲ್ಲ. ಕಾರ್ಕಳ ಬಿಟ್ಟರೆ ಉಡುಪಿಯವರೆಗೆ ತಡೆದುಕೊಂಡೇ ಹೋಗ್ತಾರೆ ಪಾಪ.”

“ಇಡುವ ಪಪ್ಪ. ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಇಡುವ.”

ಕಟ್ಟಡ ತಿರುಗಿದ ಮೇಲೆ ಹಿಂದಿನ ಗೋಡೆಗೂ ಅದಕ್ಕೂ ನಡುವೆ ಒಂದು ತ್ರಿಕೋನದ ಜಾಗ ಮಿಕ್ಕಿತು. ಮಹಡಿಗಳಲ್ಲಿ ಕಾರಿನ ಜಾಗ ಕಡಿಮೆಯಾಯಿತು. ಸಂಘದವರು ಅದಕ್ಕೆ ಗೊಣಗಿದರು. ಯಶ್ಮಿತಾ ಗಾಡಿಗಳು ಮೇಲೆ ಹತ್ತಲು ಕಟ್ಟಡದ ಒಳಗಿದ್ದ ಏರುದಾರಿಯನ್ನು ಹೊರಗೆ ಆ ತ್ರಿಕೋನಕ್ಕೆ ತಂದಳು. ಒಳಗೆ ಅಷ್ಟು ಜಾಗ ಬಿಡುವಾಯಿತು. ಆದರೂ ಕೆಲವು ಕಾರುಗಳಷ್ಟು ಕಡಿಮೆಯೇ ಉಳಿಯಿತು. “ಅಷ್ಟು ಮಂದಿ ಬಸ್ಸಿನಲ್ಲೇ ಬರಲಿ,” ಎಂದು ವಿಜಯೀಂದ್ರರು ಸಭೆಯಲ್ಲಿ ಹೇಳಿದರು. ತಾರಾನಾಥರು ಎದ್ದು ತಮ್ಮ ನಾಲ್ಕು ಬಸ್ಸುಗಳ ಮಾತು ಹೇಳಿದ ಮೇಲೆ ಅಂಗಡಿ ಕೋಣೆಗಳ ಸುದ್ದಿ ಯಾರೂ ಎತ್ತಲಿಲ್ಲ. ಬಾಗಿದ ಏರುದಾರಿಯನ್ನು ಮಾತ್ರ ಅಚ್ಚಿನಲ್ಲಿ ತೆಗೆಯಲು ಆಗುವುದಿಲ್ಲವೆಂದು ಜೆಫ್ರಿ ಸ್ವಲ್ಪ ಬೇಸರಪಟ್ಟ. ಅದನ್ನು ಜಾಗದಲ್ಲೇ ಹೊಯ್ಯಬೇಕಾಯಿತು.

ಆ ಮಳೆಗಾಲವಿಡೀ ಕಾಪುವಿನ ಯಾರ್ಡಿನ ಉದ್ದನೆಯ ಶೆಡ್ಡಿನಡಿ ಎರಕ ನಡೆಯಿತು. ಮೊದಲ ಡಬಲ್ ಟೀಯನ್ನು ಅಚ್ಚಿನಿಂದ ಎತ್ತುವ ದಿನ ಯಶ್ಮಿತಾ ಹೋಗಿದ್ದಳು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹಿಂದಿನ ದಿನ ಹೊಯ್ದದ್ದು. ಕ್ರೇನು ಎತ್ತಿದಾಗ ಅಂಚಿನಿಂದ ಅಚ್ಚಿಗೆ ಸವರಿದ್ದ ಎಣ್ಣೆ ಬೆರೆತ ಒಂದಿಷ್ಟು ನೀರು ತೊಟ್ಟಿಕ್ಕಿತು, ಅಷ್ಟೇ. ಬೂದು ಬಣ್ಣದ, ನುಣುಪಾದ, ಉದ್ದ ಎರಡು ಕಾಲಿನ ಹಲಗೆ ಗಾಳಿಯಲ್ಲಿ ನಿಂತಿತು. ಕೆಳಗಿಳಿಸಿದ ಮೇಲೆ ಅವಳು ಅದರ ಮೇಲೆ ಅಂಗೈ ಇಟ್ಟಳು. ಇನ್ನೂ ಬೆಚ್ಚಗಿತ್ತು.

“ಅಬುಧಾಬಿಯಲ್ಲಿ ಇಂಥದ್ದು ಸಾವಿರ ಮಾಡಿದ್ದೇನೆ,” ಎಂದ ಜೆಫ್ರಿ ಅವಳ ಕಿವಿಯ ಹತ್ತಿರ ಬಂದು. “ಎಲ್ಲಿಗೆ ಹೋಯಿತೂಂತ ಗೊತ್ತಾಗುತ್ತಿರಲಿಲ್ಲ. ಇದರ ಮೇಲೆ ನನ್ನ ಅಮ್ಮ ನಡೀತಾರೆ, ಆಸ್ಪತ್ರೆಗೆ ಹೋಗುವಾಗ.”

ಮಳೆ ನಿಂತ ಮೇಲೆ, ಅಡಿಪಾಯ ಮುಗಿಸಿ, ಟ್ರೈಲರುಗಳು ಹೊರಟವು. ಮುಂಜಾನೆ ಶಾಲಾ ವಾಹನಗಳು ರಸ್ತೆಗಿಳಿಯುವ ಮೊದಲೇ ಕಾಪುವಿನಿಂದ ಹೆದ್ದಾರಿ ಹಿಡಿದು, ಉಡುಪಿ ದಾಟಿ, ಮಣಿಪಾಲದ ಏರು ಹತ್ತಿ, ಪರ್ಕಳಕ್ಕೆ ಇಳಿಯುತ್ತಿದ್ದವು. ಕ್ರೇನು ಕಂಬಗಳನ್ನು ನಿಲ್ಲಿಸಿತು. ಕಂಬಗಳಿಂದ ಚಾಚಿದ ಕೈಗಳ ಮೇಲೆ ತೊಲೆಗಳು, ತೊಲೆಗಳ ಮೇಲೆ ಟೀಗಳು. ಊರಿನವರು ಬೆಳಿಗ್ಗೆ ಹಾಲು ತರಲು ಬಂದವರು ಅರ್ಧ ಗಂಟೆ ಅಲ್ಲೇ ನಿಂತು ನೋಡಿ ಹೋಗುತ್ತಿದ್ದರು.

ಒಂದು ದಿನ ಮಾತ್ರ ಎಡವಟ್ಟಾಯಿತು. ಯಶ್ಮಿತಾ ಕಟ್ಟಡದ ಹತ್ತಿರವಿದ್ದಾಗ ಅಪ್ಪನ ಫೋನು ಬಂತು.

“ನಿನ್ನ ಒಂದು ಹಲಗೆ ರಸ್ತೆಯಲ್ಲಿ ಮಲಗಿದೆ. ಅದರ ಹಿಂದೆ ನಾನಿದ್ದೇನೆ.”

ಮಣಿಪಾಲ ದಾಟಿ ಇಳಿಯುವಲ್ಲಿ ಟ್ರೈಲರಿನ ಟಯರು ಸಿಡಿದು, ಅದು ಅಡ್ಡಕ್ಕೆ ನಿಂತುಬಿಟ್ಟಿತ್ತು. ಅವಳು ಜೆಫ್ರಿಯ ಜೀಪಿನಲ್ಲಿ ಹೋಗಿ ನೋಡಿದಾಗ ಎರಡೂ ಕಡೆ ವಾಹನಗಳ ಸಾಲು. ಸಾಲಿನ ಮುಂದೆಯೇ ಹಣೆಯ ಮೇಲೆ ಅವಳ ಹೆಸರಿದ್ದ ಬಸ್ಸು, ಕಾರ್ಕಳಕ್ಕೆ ಮರಳುವುದು. ತಾರಾನಾಥರು ಬಸ್ಸಿನಿಂದಿಳಿದು, ಕೈಯಲ್ಲಿ ಭೋಜನ ಹೆಗಲಿನ ಬೈರಾಸು ಟವೆಲು ಹಿಡಿದು ಬೀಸುತ್ತ, ಒಂದು ಕಡೆಯಿಂದ ಬೈಕುಗಳನ್ನು ಬಿಡುತ್ತಿದ್ದರು. ಯಾರೊಂದಿಗೂ ದನಿ ಎತ್ತುತ್ತಿರಲಿಲ್ಲ. ಬಸ್ಸಿನೊಳಗಿನ ಒಬ್ಬಾಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಸಿಟ್ಟಿನಿಂದ ಕೇಳಿದಳು: “ಯಾರದ್ದು ಇದು? ಇಷ್ಟು ದೊಡ್ಡದನ್ನು ಈ ರಸ್ತೆಯಲ್ಲಿ ತರುವುದಾ?”

“ನಮ್ಮದು,” ಎಂದರು ತಾರಾನಾಥರು.

“ನಿಮ್ಮದಾ? ಬಸ್ಸು ನಿಮ್ಮದಲ್ವಾ?”

“ಬಸ್ಸೂ ನಮ್ಮದೇ, ಇದೂ ನಮ್ಮದೇ. ಮಗಳು ಕಟ್ಟಿಸುವುದು. ಸ್ವಲ್ಪ ಸೈರಿಸಿಕೊಳ್ಳಿ ಅಮ್ಮ. ಮುಂದಿನ ಮಳೆಗೆ ನೀವು ಒದ್ದೆಯಾಗದೆ ಬಸ್ಸು ಹತ್ತುವಿರಿ.”

ಜೀಪಿನ ಪಕ್ಕ ನಿಂತಿದ್ದ ಯಶ್ಮಿತಾ ಅದನ್ನು ಕೇಳಿಸಿಕೊಂಡಳು. ಅಪ್ಪ ಅವಳನ್ನು ಇನ್ನೂ ನೋಡಿರಲಿಲ್ಲ. ಅವಳು ಹತ್ತಿರ ಹೋಗದೆ, ಇನ್ನೊಂದು ಬದಿಯ ವಾಹನಗಳನ್ನು ಬಿಡಲು ನಿಂತಳು. ಟಯರು ಬದಲಾಗುವವರೆಗೆ ಅಪ್ಪ ಆಚೆ, ಮಗಳು ಈಚೆ ಕೈಬೀಸುತ್ತ ಇದ್ದರು.

ಮೇ ತಿಂಗಳಲ್ಲಿ ಕಟ್ಟಡ ತೆರೆಯಿತು. ಮೊದಲ ವಾರ ತಾರಾನಾಥರ ಬಸ್ಸುಗಳು ಮಾತ್ರ ಒಳಗೆ ಬಂದವು. ಎರಡನೆಯ ವಾರ ಇನ್ನಿಬ್ಬರದ್ದು. ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಹೊರಗಿನ ಸ್ಟಾಪಿನಲ್ಲಿ ನಿಲ್ಲಲು ಜನರೇ ಇರಲಿಲ್ಲ; ಉಳಿದ ಬಸ್ಸುಗಳೂ ತಾವಾಗಿಯೇ ಒಳಗೆ ತಿರುಗಿದವು. ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ ಒಬ್ಬ ಹೆಂಗಸು ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ ಚೆಂಡು ಮಾರಲು ಕೂತಳು. ಅವಳಿಗೆ ನಕ್ಷೆಯಲ್ಲಿ ಜಾಗ ಇರಲಿಲ್ಲ. ಯಾರೂ ಎಬ್ಬಿಸಲಿಲ್ಲ. ಜೂನಿನ ದೊಡ್ಡ ಮಳೆಗೆ ಎರಡು ಟೀಗಳ ಸಂದಿನಿಂದ ರಿಕ್ಷಾ ಸ್ಟ್ಯಾಂಡಿನ ಮೇಲೆ ನೀರು ತೊಟ್ಟಿಕ್ಕಿತು. ರಿಕ್ಷಾದವರು ಫೋನು ಮಾಡಿದರು. ಜೆಫ್ರಿ ಬಂದು ಸಂದು ಬಿಡಿಸಿ ಹೊಸದಾಗಿ ಅಂಟು ತುಂಬಿಸಿದ. ಆಮೇಲೆ ಸೋರಲಿಲ್ಲ. ಒಂದು ಸೋಮವಾರ ಯಶ್ಮಿತಾ, ದಾರಿಯಲ್ಲಿ ಹಿರಿಯಡ್ಕದ ಒಂದು ಕೆಲಸ ನೋಡಬೇಕಿದ್ದುದರಿಂದ, ತನ್ನ ಸ್ಕೂಟರಿನಲ್ಲಿ ಬಂದಾಗ ಬೈಕಿನ ಎರಡೂ ಮಹಡಿ ತುಂಬಿ, ಕಾವಲಿನವನು ಅವಳನ್ನು ಮೇಲೆ ಕಾರಿನ ಮಹಡಿಯ ಒಂದು ಮೂಲೆಗೆ ಕಳಿಸಿದ. ಇಳಿದು ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಅವಳಿಗೆ ಬೇಸರವಾಗಲಿಲ್ಲ. ಮುಂದಿನ ಬಸ್ಸಿಗೆ ಕಾಯುತ್ತ, ಪಕ್ಕದಲ್ಲಿ ನಿಂತ ನರ್ಸುಗಳು ಅಂದಿನ ಡ್ಯೂಟಿಯ ಬಗ್ಗೆ ಮಾತಾಡುವುದನ್ನು ಕೇಳಿಸಿಕೊಂಡಳು.

ಮಳೆ ಬಿಡುವು ಕೊಟ್ಟ ಒಂದು ಭಾನುವಾರ ತಾರಾನಾಥರು ಮಗಳ ಸ್ಕೂಟರಿನ ಹಿಂದೆ ಕುಳಿತು ಮೇಲಿನ ಮಹಡಿಗೆ ಬಂದರು. ಅವರ ಕೆಲಸವೆಲ್ಲ ಕೆಳಗಿನದು. ಇದುವರೆಗೆ ಮೇಲೆ ಹತ್ತಿರಲಿಲ್ಲ. ಕಾರುಗಳಿಲ್ಲದ ನೆಲ ತೊಳೆದ ಹಾಗಿತ್ತು. ಪಡುವಣಕ್ಕೆ ಮಣಿಪಾಲದ ಎತ್ತರದ ಕಟ್ಟಡಗಳು, ಕೆಳಗೆ ಗದ್ದೆ, ತೆಂಗು, ನಡುವೆ ಒದ್ದೆ ರಸ್ತೆಗಳು. ಅವರು ಅಂಚಿನ ಗೋಡೆಗೆ ಕೈಯೂರಿ ಬಹಳ ಹೊತ್ತು ರಸ್ತೆಗಳನ್ನೇ ನೋಡಿದರು.

“ಒಂದು ಮಾತು ಕೇಳಬೇಕೂಂತ ಇದ್ದೆ,” ಎಂದರು. “ಬೆಳಿಗ್ಗೆ ನಮ್ಮ ಬಸ್ಸು ಕಾರ್ಕಳದಿಂದ ಬರುವಾಗಲೇ ತುಂಬಿರ್ತದೆ. ಇಲ್ಲಿ ಹತ್ತುವವರಿಗೆ ಸೀಟು ಸಿಗುವುದಿಲ್ಲ. ಇಲ್ಲಿಂದಲೇ ಹೊರಡುವ ಒಂದು ಟ್ರಿಪ್ಪು ಹಾಕಿದರೆ ಹೇಗೆ?”

ಬಸ್ಸಿನ ವ್ಯವಹಾರದಲ್ಲಿ ಅಪ್ಪ ಅವಳನ್ನು ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಯಶ್ಮಿತಾ ಅವರ ಪಕ್ಕ ಬಂದು ಗೋಡೆಗೆ ಒರಗಿದಳು.

“ಯಾವ ದಾರಿಯಲ್ಲಿ ಪಪ್ಪ? ಮಣಿಪಾಲದ ಮೇಲೆ ಆಗಲೇ ತುಂಬಾ ಬಸ್ಸು ಉಂಟು.”

“ಅದಕ್ಕೇ ಯೋಚನೆ. ಅಲೆವೂರು ಮೇಲೆ ಹೋಗಿ ಉಡುಪಿಗೆ ಇಳಿದರೆ? ಆ ಕಡೆಯವರೂ ಬರ್ತಾರೆ.”

“ಅಲ್ಲಿ ರಸ್ತೆ ಚಿಕ್ಕದು. ನಮ್ಮ ದೊಡ್ಡ ಬಸ್ಸಿಗೆ ಎದುರು ಗಾಡಿ ಬಂದರೆ ಕಷ್ಟ. ಮಿನಿ ಬಸ್ಸು ಸಾಕು.”

ತಾರಾನಾಥರು ಅಲೆವೂರಿನ ದಿಕ್ಕಿಗೆ ನೋಡಿದರು. “ಮಿನಿ ಬಸ್ಸು,” ಎಂದರು ಆಮೇಲೆ, ರುಚಿ ನೋಡುವವರ ಹಾಗೆ. “ಇಂದು ಬೇರೆ ಕೆಲಸ ಇಲ್ಲದಿದ್ದರೆ ಆ ರಸ್ತೆಯಲ್ಲಿ ನಾವಿಬ್ಬರೂ ಒಮ್ಮೆ ಹೋಗಿ ನೋಡಿಕೊಂಡು ಬರುವನಾ?”

“ಹೋಗುವ,” ಎಂದಳು ಯಶ್ಮಿತಾ. ಇಬ್ಬರೂ ಸ್ಕೂಟರಿನ ಕಡೆ ನಡೆದರು.